ಅರಮನೆಯೂ ಮಾರಿಕಣಿವೆಯೂ



ದಸರೆಯ ರಜೆ ಬಂದಿತೆಂದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ನಮ್ಮ ಮನೆಗಳಲ್ಲಿ ಮೈಸೂರಿನ ಮಾತು ಏಳುವುದು ವಾಡಿಕೆ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ರಾತ್ರಿ ವಾಹನವೇರಿದರೆ, ಮುನ್ನೂರು ಕಿಲೋಮೀಟರಿಗೆ ಸಮೀಪದ ಹಾದಿ ಸವೆಯುವಷ್ಟರಲ್ಲಿ ಬೆಳಗಾಗುತ್ತದೆ. ಮೊದಲು ಚಾಮುಂಡಿ ಬೆಟ್ಟ, ಬಳಿಕ ಮೃಗಾಲಯ, ಮಧ್ಯಾಹ್ನ ಅರಮನೆ, ಸಂಜೆಗೆ ಬೃಂದಾವನ. ಅರಮನೆಯ ಪಾಲಿಗೆ ದೊರೆಯುವುದು ಒಂದೇ ಗಂಟೆ. ಊರಿಗೆ ಮರಳಿದ ಮಕ್ಕಳನ್ನು ಕೇಳಿದರೆ, ‘ಬಹಳ ದೊಡ್ಡದಿತ್ತು, ಕಾಲು ನೋವು ಬಂತು’ ಎಂದಷ್ಟೇ ಹೇಳುತ್ತಾರೆ. ಅಷ್ಟು ದೂರ ಹೋಗಿ ಅಷ್ಟೇ ಕಂಡು ಬರುವುದಾದರೆ ಆ ದಣಿವಿಗೆ ಫಲವೇನು? ಅರಮನೆಯನ್ನು ಹೇಗೆ ನೋಡಬೇಕೆಂಬುದನ್ನು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಈಗ ನಾವು ಕಾಣುವ ಅಂಬಾವಿಲಾಸ ಅರಮನೆ ಬಹಳ ಹಳೆಯದಲ್ಲ. ಇದಕ್ಕೆ ಮೊದಲು ಅದೇ ಸ್ಥಳದಲ್ಲಿ ಮರದ ಅರಮನೆಯಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂಭ್ರಮದ ನಡುವೆ ಬೆಂಕಿ ಹೊತ್ತಿ ಅದು ಸುಟ್ಟುಹೋಯಿತು. ಆಗ ರಾಜ್ಯಭಾರ ಹೊತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಪತಿ ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ದೂರದ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜರು ಇನ್ನೂ ಬಾಲಕರು. ಆ ತಾಯಿ ರಾಜಪ್ರತಿನಿಧಿಯಾಗಿ, 1902ರಲ್ಲಿ ಮಗನಿಗೆ ಅಧಿಕಾರ ಒಪ್ಪಿಸುವವರೆಗೆ ಸಂಸ್ಥಾನವನ್ನು ನಡೆಸಿದರು. ಹೊಸ ಅರಮನೆಯ ನಕ್ಷೆಯನ್ನು ಹೆನ್ರಿ ಇರ್ವಿನ್ ಎಂಬ ಶಿಲ್ಪಿಯಿಂದ ಮಾಡಿಸಲಾಯಿತು. 1912ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ ತಗುಲಿದ ವೆಚ್ಚ ನಲವತ್ತು ಲಕ್ಷ ರೂಪಾಯಿಗಳಿಗೂ ಮಿಗಿಲು. ಬೆಂಕಿಯಿಂದ ಕಲಿತ ಪಾಠ ಇಡೀ ಕಟ್ಟಡದಲ್ಲಿ ಕಾಣುತ್ತದೆ: ಮರವಿದ್ದ ಕಡೆಗೆ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣ ಬಂದವು.

ಕೆಲವು ವರ್ಷಗಳ ಹಿಂದೆ ಬಂಧುಗಳ ಜೊತೆಯಲ್ಲಿ ನಾನೂ ಅಲ್ಲಿ ಒಂದು ದಿನ ಕಳೆದೆ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ಗೊಂಬೆ ತೊಟ್ಟಿ, ಅಲ್ಲಿಂದ ಮುಂದೆ ಆನೆ ಬಾಗಿಲು. ಜನರ ನೂಕುನುಗ್ಗಲಿನಲ್ಲಿ ಚಿನ್ನದ ಅಂಬಾರಿಯನ್ನು ಕಣ್ತುಂಬ ನೋಡಲು ಕ್ಷಣ ಮಾತ್ರ ಅವಕಾಶ. ಎಂಟು ಮೂಲೆಯ ಕಲ್ಯಾಣ ಮಂಟಪಕ್ಕೆ ಬರುವ ಹೊತ್ತಿಗೆ ರಾತ್ರಿಯ ಪ್ರಯಾಣದ ಆಯಾಸ ಮೊಣಕಾಲಿಗೆ ಇಳಿದಿತ್ತು. ತಲೆಯೆತ್ತಿ ನೋಡಿದರೆ ಗ್ಲಾಸ್ಗೋದಿಂದ ಬಂದ ಬಣ್ಣದ ಗಾಜಿನ ಚಾವಣಿ, ಅದರ ತುಂಬ ನವಿಲುಗಳು. ಸುತ್ತಣ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು.

ನಮ್ಮೊಡನೆ ಮೊಳಕಾಲ್ಮೂರಿನ ವೃದ್ಧ ನೇಕಾರರೊಬ್ಬರು ಬಂದಿದ್ದರು. ಎಲ್ಲರೂ ಮುಂದೆ ಸಾಗಿದರೂ ಅವರು ಕಂಬದ ಬಳಿ ನಿಂತೇ ಇದ್ದರು. ‘ದಣಿವಾಯಿತೆ ಯಜಮಾನರೇ?’ ಎಂದೆ. ‘ಇಲ್ಲ ಬುದ್ಧಿ, ಆ ನವಿಲಿನ ಗರಿಗಳನ್ನು ಎಣಿಸುತ್ತಿದ್ದೆ. ಸೆರಗಿನಲ್ಲಿ ಒಂದು ನವಿಲು ಎಬ್ಬಿಸಬೇಕಾದರೆ ನಮಗೆ ಎಷ್ಟು ಎಳೆ ಬೇಕೆಂಬುದು ಗೊತ್ತು. ಇದನ್ನು ಮಾಡಿದವನ ಕಣ್ಣು ಎಷ್ಟು ನೊಂದಿರಬೇಕು!’ ಎಂದರು. ಅಂದು ಅರಮನೆಯನ್ನು ಚೆನ್ನಾಗಿ ನೋಡಿದವರು ಅವರೊಬ್ಬರೇ ಎಂದು ನನಗೆ ಅನ್ನಿಸಿತು. ವೈಭವವನ್ನು ಕಂಡು ಬೆರಗಾಗುವುದು ಸುಲಭ. ಅದರ ಹಿಂದಿನ ಕಾಯಕವನ್ನು ಕಾಣಲು ಕಾಯಕ ಮಾಡಿದ ಕಣ್ಣೇ ಬೇಕು.

ಮಹಡಿಯ ದರ್ಬಾರ್ ಸಭಾಂಗಣದ ಕಂಬಗಳ ಸಾಲನ್ನೂ, ಅಂಬಾವಿಲಾಸದ ಬೆಳ್ಳಿಯ ಬಾಗಿಲನ್ನೂ ನೋಡಿ ಇಳಿದು ಬಂದು, ಅಂಗಳದ ನೆರಳಿನಲ್ಲಿ ಕುಳಿತೆವು. ಆಗ ನಮ್ಮಲ್ಲಿದ್ದ ಹೈಸ್ಕೂಲು ಹುಡುಗನೊಬ್ಬ, ‘ತಾತಾ, ಇಷ್ಟೆಲ್ಲ ದುಡ್ಡು ಯಾರದು?’ ಎಂದು ಕೇಳಿದ. ಉತ್ತರಿಸದೆ ಬಿಡುವಂಥ ಪ್ರಶ್ನೆ ಅದಲ್ಲ. ಯಾವ ಲೆಕ್ಕದಲ್ಲಿ ಬರೆದಿದ್ದರೂ ಆ ಹಣ ಮೂಲದಲ್ಲಿ ಪ್ರಜೆಗಳ ಕಂದಾಯವೇ. ಚಿತ್ರದುರ್ಗ ಸೀಮೆಯ ಕೆಂಪು ನೆಲದಲ್ಲಿ ರಾಗಿ, ನವಣೆ ಬೆಳೆದವನ ಪಾಲೂ ಅದರಲ್ಲಿ ಸೇರಿದೆ. ಅರಮನೆ ಮೇಲೇಳುತ್ತಿದ್ದ ಕಾಲವಾದರೂ ಸುಖದ ಕಾಲವಲ್ಲ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತ್ತು. ಅದಕ್ಕೆ ಇಪ್ಪತ್ತು ವರ್ಷ ಮೊದಲು, 1876ರಿಂದ 1878ರವರೆಗೆ ಬಂದ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. ಅಂಥ ನಾಡಿನಲ್ಲಿ ಇಂಥ ಅರಮನೆ ಬೇಕಿತ್ತೆ ಎಂದು ಹುಡುಗ ಕೇಳಿದರೆ ಅದು ಉದ್ಧಟತನವಾಗದು.

ಆದರೆ ಆ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಮೈಸೂರಿನಲ್ಲಿಲ್ಲ, ನಮ್ಮ ಜಿಲ್ಲೆಯಲ್ಲೇ ಇದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಅಣೆಕಟ್ಟೆಯ ಕೆಲಸ ಆರಂಭವಾದದ್ದು 1898ರಲ್ಲಿ. ಅರಮನೆಗೂ ಅಣೆಕಟ್ಟೆಗೂ ಒಂದೇ ಕಾಲ, ಒಬ್ಬರೇ ಮಹಾರಾಣಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಮೊದಲಾದ ಈ ಕಾರ್ಯ 1907ರಲ್ಲಿ ಮುಗಿಯಿತು. ನಾವು ಮಾರಿಕಣಿವೆ ಎಂದೇ ಕರೆಯುವ ಆ ಜಲಾಶಯದ ಹೆಸರು ವಾಣಿವಿಲಾಸ ಸಾಗರ. ಸುಟ್ಟ ಅರಮನೆಯ ನೆನಪಿನಲ್ಲಿ ಬೆಂಕಿಗೆ ಅಂಜಿ ಕಟ್ಟಿದ್ದು ಅಂಬಾವಿಲಾಸ. ಸತ್ತ ಜನರ ನೆನಪಿನಲ್ಲಿ ಬರಕ್ಕೆ ಅಂಜಿ ಕಟ್ಟಿದ್ದು ಮಾರಿಕಣಿವೆ. ಮೊದಲನೆಯದು ಒಂದು ಮನೆತನವನ್ನು ಕಾಯಿತು, ಎರಡನೆಯದು ಒಂದು ಸೀಮೆಯನ್ನು ಕಾಯುತ್ತಿದೆ.

ಆ ಕಾವಲು ಸುಲಭದ್ದೇನೂ ಆಗಿರಲಿಲ್ಲ. 130 ಅಡಿಯ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಬಳಿಕ, ಮತ್ತೆ ತುಂಬಿ ಹರಿದದ್ದು 89 ವರ್ಷಗಳ ಮೇಲೆ, 2022ರಲ್ಲಿ. ನಡುವಿನ ಬರಗಾಲಗಳಲ್ಲಿ ನೀರು ತಳ ಮುಟ್ಟಿ ತೋಟಗಳು ಒಣಗಿದ್ದನ್ನು ನಾವೇ ಕಂಡಿದ್ದೇವೆ. ಭದ್ರೆಯ ನೀರೂ ಬಂದು ಸೇರಿ, 2025ರ ಜನವರಿಯಲ್ಲಿ ಅದು ಮತ್ತೊಮ್ಮೆ ಕೋಡಿ ಬಿದ್ದಿತು. ಇಷ್ಟೆಲ್ಲದರ ನಡುವೆಯೂ ಹಿರಿಯೂರಿನ ತೆಂಗು, ಅಡಿಕೆಗೆ ಅದೇ ಆಸರೆ. ಚಿತ್ರದುರ್ಗ, ಚಳ್ಳಕೆರೆಯ ಮನೆಗಳ ಕೊಡಗಳಿಗೂ ಅದೇ ನೀರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಆ ಕೊಡದ ಬೆಲೆ ಎಷ್ಟೆಂಬುದನ್ನು ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ಅರಮನೆಯನ್ನು ನೋಡಬೇಡಿರೆಂದು ನಾನು ಹೇಳುತ್ತಿಲ್ಲ. ಅದು ಕುಶಲಕರ್ಮಿಗಳ ಹದಿನೈದು ವರ್ಷಗಳ ಬೆವರು, ನೋಡಲೇಬೇಕಾದದ್ದು. ಆದರೆ ಒಂದೇ ದಿನದಲ್ಲಿ ನಾಲ್ಕಾರು ಸ್ಥಳಗಳನ್ನು ಸುತ್ತುವ ಆತುರ ಬೇಡ. ವಯಸ್ಸಾದವರನ್ನು ಕರೆದೊಯ್ದರೆ ಹಿಂದಿನ ರಾತ್ರಿ ಯಾವುದಾದರೂ ಮಠದಲ್ಲೋ ಛತ್ರದಲ್ಲೋ ತಂಗಿ, ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆದೊಡನೆ ಒಳಹೋಗಿರಿ. ಮಕ್ಕಳಿಗೆ ಚಿನ್ನದ ತೂಕ ಹೇಳುವುದರ ಜೊತೆಗೆ ಗಾಜು ಕೂಡಿಸಿದ ಕೈಯ ಸಂಗತಿಯನ್ನೂ ಹೇಳಿರಿ. ಮರಳುವಾಗ ಹಿರಿಯೂರಿನ ಹಾದಿ ಹಿಡಿದು ಮಾರಿಕಣಿವೆಯ ಕಟ್ಟೆಯ ಬಳಿ ಅರ್ಧ ದಿನ ನಿಲ್ಲಿರಿ. ಅಲ್ಲಿ ಪ್ರವಾಸಿಗರ ನೂಕುನುಗ್ಗಲು ಅಷ್ಟಿಲ್ಲ. ‘ಆ ಅರಮನೆ ಕಟ್ಟಿಸಿದ ತಾಯಿಯೇ ಇದನ್ನೂ ಕಟ್ಟಿಸಿದಳು, ನೀನು ಕುಡಿಯುವ ನೀರು ಇಲ್ಲಿಯದು’ ಎಂದು ತೋರಿಸಿದರೆ ಮಗು ಅದನ್ನು ಮರೆಯಲಾರದು.

ದೊಡ್ಡವರಾದ ನಮಗೂ ಇಲ್ಲಿ ಒಂದು ಲೆಕ್ಕವಿದೆ. ಈಚೆಗೆ ನಮ್ಮ ಊರುಗಳಲ್ಲಿ ಮಹಡಿ ಮನೆಗಳು ಏಳುತ್ತಿವೆ, ಮದುವೆಗಳು ಅರಮನೆಯ ಮದುವೆಗಳಂತೆ ನಡೆಯುತ್ತಿವೆ. ಗಳಿಸಿದವರು ಕಟ್ಟಲಿ, ಸಂತೋಷ. ಆದರೆ ಊರ ಮುಂದಿನ ಕೆರೆಯಲ್ಲಿ ಹೂಳು ತುಂಬಿ ಜಾಲಿ ಬೆಳೆದಿದೆ. ಮನೆಯ ತಳಪಾಯಕ್ಕೆ ಖರ್ಚು ಮಾಡುವಾಗ, ಮದುವೆಯ ಚಪ್ಪರ ಹಾಕಿಸುವಾಗ, ಕೆರೆಯ ಹೂಳು ತೆಗೆಸಲು ಒಂದಿಷ್ಟು ಪಾಲನ್ನು ಎತ್ತಿಡುವುದೇ ದಾಸೋಹ. ಮಹಾರಾಣಿಯ ಬೊಕ್ಕಸ ನಮ್ಮಲ್ಲಿಲ್ಲ. ಒಂದೊಂದು ಮನೆಯಿಂದ ಒಂದೊಂದು ಗಾಡಿ ಮಣ್ಣು ಮೇಲೆ ಬಂದರೂ ಸಾಕು, ಮುಂದಿನ ಮಳೆಗೆ ಕೆರೆಯಲ್ಲಿ ನೀರು ನಿಲ್ಲುತ್ತದೆ.