ಮೊದಲ ಆಲ್ಬಂ ಮತ್ತು ಅದರ ಕಥೆ

ಹೊಸ ಹಾಡುಗಾರರೊಬ್ಬರ ಮೊದಲ ಆಲ್ಬಂ ಬಂದಾಗ ವಿಮರ್ಶಕರೂ ಕೇಳುಗರೂ ತೀರ್ಪು ಕೊಡುವುದು ಯಾವುದರ ಮೇಲೆ? ಹಾಡಿನ ಮೇಲೆ ಎಂದೇ ಎಲ್ಲರ ನಂಬಿಕೆ. ಆದರೆ ಗಿಟಾರ್ ಹಿಡಿದು, ತಾವೇ ಬರೆದದ್ದನ್ನು ಮೆಲುದನಿಯಲ್ಲಿ ಹಾಡುವ ಇಂಡಿ ಫೋಕ್ ಗಾಯಕರ ವಿಷಯಕ್ಕೆ ಬಂದರೆ ಈ ನಂಬಿಕೆ ನಿಲ್ಲುವುದು ಕಷ್ಟ. ಅಲ್ಲಿ ಹಾಡಿಗಿಂತ ಮೊದಲೇ ಹಾಡಿದವರ ಕಥೆ ಬಂದು ಕೂತಿರುತ್ತದೆ.

ಅಮೆರಿಕದ ಜಸ್ಟಿನ್ ವರ್ನನ್ ಅವರನ್ನೇ ನೋಡಿ. ‘ಬೋನ್ ಈವೇರ್’ ಹೆಸರಿನಲ್ಲಿ ಅವರು ಹೊರತಂದ ಮೊದಲ ಆಲ್ಬಂ ‘ಫಾರ್ ಎಮ್ಮಾ, ಫಾರೆವರ್ ಅಗೋ’. 2007ರಲ್ಲಿ ಸ್ವಂತವಾಗಿ ಕೆಲವೇ ನೂರು ಪ್ರತಿ ಮಾಡಿಸಿದರು. 2008ರಲ್ಲಿ ಜ್ಯಾಗ್‌ಜಗುವಾರ್ ಎಂಬ ಸ್ವತಂತ್ರ ಕಂಪನಿ ಅದನ್ನು ಮರುಬಿಡುಗಡೆ ಮಾಡಿದ ಮೇಲೆ ವಿಮರ್ಶಕರು ಎತ್ತಿ ಹಿಡಿದರು. ಬ್ಯಾಂಡ್ ಒಡೆದು, ಪ್ರೀತಿ ಮುರಿದು, ಕಾಯಿಲೆ ಬಿದ್ದ ತರುಣ ವಿಸ್ಕಾನ್ಸಿನ್ ಕಾಡಿನಲ್ಲಿದ್ದ ಅಪ್ಪನ ಮರದ ಮನೆಗೆ ಹೋಗಿ, ಒಂದು ಚಳಿಗಾಲವನ್ನು ಒಬ್ಬನೇ ಕಳೆದು ಹಾಡು ಮಾಡಿದ: ಬಹುಪಾಲು ಬರಹಗಳು ಶುರುವಾದದ್ದೇ ಇಲ್ಲಿಂದ. ಕಥೆ ಸುಳ್ಳಲ್ಲ. ಆದರೆ ಅದು ಕಿವಿಗೆ ಒಂದು ಅಚ್ಚು ಹಾಕಿಬಿಟ್ಟಿತು. ಒಂಟಿತನದ ಆಲ್ಬಂ ಎಂದು ಕರೆಸಿಕೊಂಡ ಇದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಕೇಳಿಸುವುದು ಒಂಟಿ ದನಿಯಲ್ಲ, ಒಂದೇ ಕಂಠದಿಂದ ಹುಟ್ಟಿದ ಒಂದು ಮೇಳ. ಮೊದಲು ಗಟ್ಟಿಯಾದ ಕೆಳದನಿಯಲ್ಲಿ ಹಾಡುತ್ತಿದ್ದ ವರ್ನನ್ ಇಲ್ಲಿ ಎತ್ತರದ ಕಳ್ಳದನಿ ಹಿಡಿದು, ಅದನ್ನೇ ಮತ್ತೆ ಮತ್ತೆ ರೆಕಾರ್ಡ್ ಮಾಡಿ ಒಂದರ ಮೇಲೊಂದು ಪದರವಾಗಿ ಕೂರಿಸಿದ್ದಾರೆ. ಎಷ್ಟೋ ಕಡೆ ಅವರಿಗೆ ಮೊದಲು ಹೊಳೆದದ್ದು ಅರ್ಥವಿಲ್ಲದ ಸ್ವರಗಳ ಗುನುಗು. ಆ ಸದ್ದಿಗೆ ಹೊಂದುವ ಮಾತುಗಳು ಆಮೇಲೆ ಬಂದವು. ‘ಫಾರ್ ಎಮ್ಮಾ’ ಹಾಡಿನ ತುತ್ತೂರಿಗಳನ್ನು ನುಡಿಸಿದವರು ಬೇರೆಯವರು, ಅದೂ ಚಳಿಗಾಲ ಕಳೆದ ಮೇಲೆ. ಇಷ್ಟು ಯೋಚಿಸಿ ಕಟ್ಟಿದ ಕೆಲಸವನ್ನು ನೊಂದ ಹೃದಯದ ನೇರ ಉದ್ಗಾರ ಎಂದು ಹೊಗಳಿದರೆ, ಆ ಹೊಗಳಿಕೆಯಲ್ಲಿ ಕಲಾವಿದನಿಗೆ ಸಲ್ಲಬೇಕಾದ ಮುಖ್ಯ ಪಾಲೇ ತಪ್ಪಿಹೋಗುತ್ತದೆ.

ಕಥೆ ಇಲ್ಲದಿದ್ದರೆ ಆ ಆಲ್ಬಂ ಯಾರ ಕಿವಿಗೂ ಬೀಳುತ್ತಿರಲಿಲ್ಲ ಎನ್ನುವವರಿದ್ದಾರೆ. ಅವರಿಗೆ ಉತ್ತರ ಬೇಕಿದ್ದರೆ ಇನ್ನೊಂದು ಆಲ್ಬಂ ಕಡೆ ತಿರುಗಬೇಕು. 1970ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್‌ನಲ್ಲಿ ಬಂದ ವಾಷ್ಟಿ ಬನ್ಯನ್ ಅವರ ‘ಜಸ್ಟ್ ಅನದರ್ ಡೈಮಂಡ್ ಡೇ’ ಅದು.

ಕಥೆಗೆ ಇಲ್ಲಿ ಬರವೇ ಇರಲಿಲ್ಲ. 1968ರಲ್ಲಿ ಈ ತರುಣಿ ಗೆಳೆಯನ ಜೊತೆ ಬೆಸ್ ಎಂಬ ಕುದುರೆ ಕಟ್ಟಿದ ಗಾಡಿ ಹತ್ತಿ, ಸ್ಕಾಟ್‌ಲೆಂಡಿನ ಸ್ಕೈ ದ್ವೀಪದ ಕಡೆ ಹೊರಟರು. ಗಾಯಕ ಡೊನೊವನ್ ಅಲ್ಲಿ ಕಲಾವಿದರಿಗಾಗಿ ಒಂದು ನೆಲೆ ಕಟ್ಟುತ್ತಾರೆಂಬ ಆಸೆ. ದಾರಿಯಲ್ಲಿ ಹುಟ್ಟಿದ ಹಾಡುಗಳನ್ನು ನಿರ್ಮಾಪಕ ಜೋ ಬಾಯ್ಡ್ 1969ರ ಕೊನೆಯಲ್ಲಿ ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದರು. ಮೂರು ಹಾಡುಗಳಿಗೆ ವಾದ್ಯ ಸಂಯೋಜನೆ ರಾಬರ್ಟ್ ಕರ್ಬಿ ಅವರದು. ಕಾಡಿನ ಮನೆಗಿಂತ ಕುದುರೆ ಗಾಡಿ ಯಾವುದರಲ್ಲಿ ಕಡಿಮೆ? ಆದರೂ ಆಲ್ಬಂ ಕೆಲವು ನೂರು ಪ್ರತಿಯ ಆಚೆಗೆ ಹೋಗಲಿಲ್ಲ ಎಂಬುದು ವಾಡಿಕೆಯ ಲೆಕ್ಕ. ಕಥೆಯೊಂದೇ ಆಲ್ಬಂ ಗೆಲ್ಲಿಸುವುದಾದರೆ ಇದು ಗೆಲ್ಲಬೇಕಿತ್ತು.

ಸೋಲಿಗೆ ಹೊರಗಿನ ಕಾರಣಗಳು ಇದ್ದವು. ಪ್ರಚಾರವಿಲ್ಲ, ವೇದಿಕೆ ಮೇಲೆ ಹಾಡಲು ಅವರು ಹೊರಡಲಿಲ್ಲ. ಅವನ್ನು ಅಲ್ಲಿಗೇ ಬಿಡೋಣ. ನನಗೆ ಮುಖ್ಯವೆನಿಸುವುದು, ಆ ದನಿಯನ್ನು ಇಡಲು ಕೇಳುಗರ ಬಳಿ ಜಾಗವೇ ಇರಲಿಲ್ಲ ಎಂಬುದು. ಬನ್ಯನ್ ಹಾಡುವುದು ಉಸಿರಿಗಿಂತ ತುಸುವೇ ಗಟ್ಟಿಯಾಗಿ. ದನಿಯಲ್ಲಿ ನಡುಕವಿಲ್ಲ, ಏರಿಳಿತದ ಪ್ರದರ್ಶನವಿಲ್ಲ. ಭಾವ ತುಂಬಬೇಕಾದ ಕಡೆಯೂ ಒತ್ತು ಕೊಡದೆ ಮುಂದೆ ಹೋಗುತ್ತಾರೆ. ಅವಸರದಲ್ಲಿ ಕೇಳಿದವರಿಗೆ ಇದು ಮಕ್ಕಳ ಪದ್ಯದಂತೆ ಕಾಣುತ್ತದೆ. ಗಮನವಿಟ್ಟರೆ ಆ ಸರಳತೆಯ ಹಿಂದೆ ಎಷ್ಟನ್ನು ಬೇಕೆಂದೇ ಬಿಟ್ಟಿದ್ದಾರೆ ಎಂಬುದು ಗೊತ್ತಾಗುತ್ತದೆ. ಆದರೆ ಸುತ್ತ ಕೇಳುತ್ತಿದ್ದದ್ದು ಫೇರ್‌ಪೋರ್ಟ್ ಕನ್ವೆನ್ಷನ್‌ನವರು ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜೊತೆ ನುಡಿಸಿದ ಹಳೆಯ ಲಾವಣಿಗಳು. ಅದೇ ಬಳಗದ ಕಲಾವಿದರು ಈ ಆಲ್ಬಂನಲ್ಲಿ ಫಿಡಲ್, ಬ್ಯಾಂಜೋ ನುಡಿಸಿದ್ದರಿಂದ ಇದನ್ನೂ ಫೋಕ್ ಸಾಲಿಗೆ ಸೇರಿಸಿ, ಆ ಅಳತೆಯಲ್ಲೇ ತೂಗಿದರು. ತಾನು ಫೋಕ್ ಗಾಯಕಿಯಲ್ಲ ಎಂದು ಬನ್ಯನ್ ಮುಂದೆ ಹೇಳುತ್ತಲೇ ಬಂದರು. 1965ರಲ್ಲಿ ಅವರ ಮೊದಲ ರೆಕಾರ್ಡ್ ಬಂದದ್ದೂ ಪಾಪ್ ಲೋಕದಿಂದ, ರಾಕ್ ತಾರೆಗಳಾದ ಜ್ಯಾಗರ್ ಮತ್ತು ರಿಚರ್ಡ್ಸ್ ಬರೆದ ಹಾಡಿನೊಂದಿಗೆ.

ಆಲ್ಬಂ ಸಿ.ಡಿ.ಯಾಗಿ ಮತ್ತೆ ಬಂದದ್ದು 2000ದಲ್ಲಿ. ಒಂದು ಸ್ವರವೂ ಬದಲಾಗಿರಲಿಲ್ಲ, ಬದಲಾದದ್ದು ಕೇಳುವವರು. ಡೆವೆಂಡ್ರಾ ಬ್ಯಾನ್‌ಹಾರ್ಟ್, ಜೊವಾನ್ನಾ ನ್ಯೂಸಮ್ ಅವರಂಥ ಹೊಸ ಗಾಯಕರು ಇದನ್ನು ತಮ್ಮ ಹಿರಿಯರ ದನಿ ಎಂದು ಎದೆಗೊತ್ತಿಕೊಂಡರು.

ಒಳ್ಳೆಯ ಕೃತಿ ಎಂದಾದರೂ ಮೇಲೆ ಬಂದೇ ಬರುತ್ತದೆ, ಕಾಲವೇ ನ್ಯಾಯ ಕೊಡುತ್ತದೆ ಎಂದು ಸಮಾಧಾನ ಹೇಳುವುದು ಇಂಥ ಪ್ರಸಂಗಗಳನ್ನು ಕಂಡೇ. ಈ ಮಾತನ್ನು ನಾನು ಒಪ್ಪಲಾರೆ. ಅದೇ ಬಾಯ್ಡ್, ಅದೇ ಕರ್ಬಿ ಜೊತೆ 1969ರಲ್ಲಿ ಮೊದಲ ಆಲ್ಬಂ ಮಾಡಿದ ನಿಕ್ ಡ್ರೇಕ್ 1974ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಇನ್ನೊಂದು ಆಲ್ಬಂನ ಹಾಡು ಕಾರಿನ ಜಾಹೀರಾತಿನಲ್ಲಿ ಬಂದು, ಜನ ಮುಗಿಬಿದ್ದು ಕೊಂಡದ್ದು ಕಾಲು ಶತಮಾನದ ನಂತರ. ಕಾಲ ಕೊಟ್ಟ ನ್ಯಾಯ ರೆಕಾರ್ಡಿಗೆ ಸಿಕ್ಕಿತು, ಹಾಡಿದವರಿಗೆ ಸಿಗಲಿಲ್ಲ. ಬನ್ಯನ್ ಬದುಕಿದ್ದರು, ನಿಜ. ಆದರೆ ಮೊದಲ ಆಲ್ಬಂನ ಗತಿ ಕಂಡು ಹಾಡುವುದನ್ನೇ ಬಿಟ್ಟು, ಮಕ್ಕಳನ್ನು ಬೆಳೆಸುತ್ತ ಹಳ್ಳಿಗಳಲ್ಲಿ ಉಳಿದುಬಿಟ್ಟರು. ಎರಡನೆಯ ಆಲ್ಬಂ ‘ಲುಕ್‌ಆಫ್ಟರಿಂಗ್’ ಬಂದದ್ದು 2005ರಲ್ಲಿ. ನಡುವೆ ಹುಟ್ಟದೇ ಹೋದ ಹಾಡುಗಳನ್ನು ಯಾವ ಮರುಬಿಡುಗಡೆಯೂ ತಂದುಕೊಡಲಾರದು. ಮರಳಿ ಸಿಕ್ಕವರ ಹೆಸರಷ್ಟೇ ನಮಗೆ ಗೊತ್ತು, ಸಿಗದವರ ಪಟ್ಟಿ ಯಾರ ಬಳಿಯೂ ಇಲ್ಲ.

ಆದ್ದರಿಂದ ಮೊದಲ ಆಲ್ಬಂ ಬಗ್ಗೆ ಬರೆಯುವವರಿಂದ ನಾನು ಬಯಸುವುದು ಅಂಕವನ್ನಲ್ಲ, ಗಾಯಕರ ಬದುಕಿನ ಸಾರಾಂಶವನ್ನೂ ಅಲ್ಲ. ದನಿ ಎಲ್ಲಿ ನಿಲ್ಲುತ್ತದೆ, ಯಾವ ವಾದ್ಯ ಯಾವುದನ್ನು ಮುಚ್ಚುತ್ತದೆ, ಏನನ್ನು ಹಾಡದೆ ಬಿಟ್ಟಿದ್ದಾರೆ ಎಂಬುದನ್ನು ಬರೆಯಲಿ. ಅಂಥ ಬರಹ ಓದಿದ ಕೇಳುಗ ತನ್ನ ತೀರ್ಪನ್ನು ಒಂದು ವಾರವಾದರೂ ಮುಂದಕ್ಕೆ ಹಾಕಿಯಾನು. ಬನ್ಯನ್ ಅವರ ಮೂರನೆಯ ಆಲ್ಬಂ ‘ಹಾರ್ಟ್‌ಲೀಪ್’ 2014ರಲ್ಲಿ ಬಂತು. ಅದನ್ನು ಅವರು ಬಹುಪಾಲು ಮನೆಯಲ್ಲೇ ಕೂತು, ಸಂಯೋಜನೆ, ರೆಕಾರ್ಡಿಂಗ್ ಎಲ್ಲವನ್ನೂ ತಾವೇ ನೋಡಿಕೊಂಡು ಮಾಡಿದರು. ಫಿಡಲ್, ಬ್ಯಾಂಜೋಗಳ ಹಳ್ಳಿ ಸದ್ದು ಅದರಲ್ಲಿ ಬಹುತೇಕ ಇಲ್ಲ. ಅದನ್ನು ಕೇಳಿ ಮೊದಲ ಆಲ್ಬಂಗೆ ಹಿಂತಿರುಗಿದರೆ, ಫೋಕ್ ಎಂದು ತಿಳಿದು ಜನ ಪಕ್ಕಕ್ಕಿಟ್ಟ ಹಾಡುಗಳಲ್ಲಿ ಅವರದೆಷ್ಟು, ಸುತ್ತಲಿನವರು ಸೇರಿಸಿದ್ದೆಷ್ಟು ಎಂಬುದು ಬೇರೆಬೇರೆಯಾಗಿ ಕಿವಿಗೆ ಬೀಳುತ್ತದೆ.