ಕರೆಂಟ್ ದರದ ವಿಚಾರಣೆಗೆ ನಾವು ಹೋಗಿದ್ದು ಎಂದು?

ನಮ್ಮೂರ ಹಿಟ್ಟಿನ ಗಿರಣಿಯವರು ಮೊನ್ನೆ ಲೈಟ್ ಬಿಲ್ ಮುಂದೆ ಹಿಡಿದು, "ಈ ದರ ಮಂತ್ರಿಗಳು ಕಟ್ತಾರೇನ್ರೀ ಮಾಸ್ತರ?" ಎಂದರು. ಅಲ್ಲ, ಹೈದರಾಬಾದಿನ ವಿದ್ಯುತ್ ನಿಯಂತ್ರಣ ಆಯೋಗ ಎಂದೆ. "ಅಲ್ಲಿ ನಮ್ಮ ಮಾತು ಕೇಳ್ತಾರ?" ಕೇಳಲೇಬೇಕು, ಕಾಯ್ದೆ ಹಾಗಿದೆ. ಹೇಳೋದಕ್ಕೆ ನಾವು ಹೋಗಿದ್ದೆಂದು?

2003ರ ವಿದ್ಯುತ್ ಕಾಯ್ದೆ ಬರೆದವರಿಗೆ ಕಂಪನಿಗಳ ಕೈ ಎಷ್ಟು ಉದ್ದವೆಂದು ಗೊತ್ತಿತ್ತು. ಆಯೋಗದ ಅಧ್ಯಕ್ಷರು, ಸದಸ್ಯರು ಕುರ್ಚಿ ಬಿಟ್ಟ ಮೇಲೆ ಎರಡು ವರ್ಷ ವಾಣಿಜ್ಯ ನೌಕರಿ ಹಿಡಿಯಕೂಡದೆಂದು 89ನೇ ಕಲಮಿನಲ್ಲಿ ಬರೆದರು. ಇಂದು ತೀರ್ಪು ಕೊಟ್ಟವರು ನಾಳೆ ಅದೇ ಕಂಪನಿಯ ಸಂಬಳ ಎಣಿಸಬಾರದಲ್ಲ! (ಎರಡು ವರ್ಷ ಸಾಲದು, ಐದು ಬೇಕೆಂದು ನನ್ನ ಮತ.)

ಆದರೆ ಪ್ರಭಾವ ನೌಕರಿಯ ದಾರಿಯಲ್ಲೇ ಬರಬೇಕೆಂದಿಲ್ಲ. ದರದ ಪ್ರಸ್ತಾವವೆಂದರೆ ನೂರಾರು ಪುಟದ ಲೆಕ್ಕ. ದೊಡ್ಡ ಕಾರ್ಖಾನೆಗಳ ಸಂಘಗಳು ಅದನ್ನು ಓದಲು ಎಂಜಿನಿಯರು, ವಕೀಲರನ್ನು ಇಟ್ಟುಕೊಂಡಿವೆ. ಅದು ಅವರ ಹಕ್ಕು, ತಪ್ಪೆನ್ನಲಾರೆ. ಎದುರು ಕೂರುವವರೇ ಇಲ್ಲದಿದ್ದರೆ ಪ್ರಾಮಾಣಿಕ ಸದಸ್ಯರ ಕಿವಿಗೂ ಒಂದೇ ದನಿ ಬೀಳುತ್ತದೆ. ರಾಜಧಾನಿಯ ಕೆಲವು ಹಿರಿಯರು ಬಳಕೆದಾರರ ಪರ ಛಲದಿಂದ ವಾದಿಸುತ್ತಾರೆ, ನಿಜ. ಆದರೆ ನಾರಾಯಣಖೇಡದ ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಎಷ್ಟು ರಾತ್ರಿ ಕತ್ತಲಾಯಿತು, ತಾಂಡೂರಿನ ಪರ್ಸಿ ಕಲ್ಲಿನ ಸಣ್ಣ ಪಾಲಿಶ್ ಘಟಕ ಏಕೆ ಬಾಗಿಲು ಹಾಕಿತು ಎಂಬುದು ಅವರಿಗೆ ಹೇಗೆ ತಿಳಿಯಬೇಕು?

ದರ ಏರಿದ ಮೇಲೆ ಬೀದಿಗಿಳಿದರೆ ಏನಾಗುತ್ತದೆಂದು 2000ದ ಆಗಸ್ಟ್ 28ರಂದು ಬಷೀರ್‌ಬಾಗಿನಲ್ಲಿ ಕಂಡೆವು. ಪೊಲೀಸರ ಗುಂಡಿಗೆ ಮೂವರು ಸತ್ತರು. ಏರುವ ಮುನ್ನ ಮಾತಾಡಿದರೆ ಫಲವಿದೆ. 2024ರ ಅಕ್ಟೋಬರಿನಲ್ಲಿ, ತಿಂಗಳಿಗೆ 300 ಯೂನಿಟ್ ಮೀರುವ ಮನೆಗಳ ಸ್ಥಿರ ಶುಲ್ಕವನ್ನು ಕಿಲೋವಾಟಿಗೆ 10 ರೂಪಾಯಿಯಿಂದ 50ಕ್ಕೆ ಏರಿಸಬೇಕೆಂಬ ವಿತರಣಾ ಕಂಪನಿಗಳ ಬೇಡಿಕೆಯನ್ನು ಇದೇ ಆಯೋಗ, ಬಹಿರಂಗ ವಿಚಾರಣೆ ನಡೆಸಿ, ತಳ್ಳಿಹಾಕಿತು.

1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ಗಡಿ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ತೆಲುಗು ಓದಲು ಬಾರದ ಹಿರಿಯರು ಇಂದಿಗೂ ನಮ್ಮಲ್ಲಿದ್ದಾರೆ. ದರದ ಪ್ರಸ್ತಾವದ ಸಾರಾಂಶ ಎರಡು ಪುಟ ಕನ್ನಡದಲ್ಲಿ ಬರಲಿ, ಒಂದು ದಿನದ ವಿಚಾರಣೆ ಜಹೀರಾಬಾದಿನಲ್ಲೋ ತಾಂಡೂರಿನಲ್ಲೋ ನಡೆಯಲಿ. ಬಳಕೆದಾರರ ಪರ ಒಬ್ಬರನ್ನು ನೇಮಿಸಲು 94ನೇ ಕಲಂ ಆಯೋಗಕ್ಕೆ ಅಧಿಕಾರ ಕೊಟ್ಟಿದೆ. ಆ ಒಬ್ಬರು ಗಡಿಯ ಹಳ್ಳಿಗಳಿಗೂ ಬರಲಿ.

ಇಷ್ಟನ್ನೇ ಅರ್ಜಿಯಾಗಿ ಬರೆದಿದ್ದೇನೆ. ಗಿರಣಿಯವರು ಮೊದಲ ರುಜು ಹಾಕಿ, ಬಿಲ್ಲಿನ ನಕಲೂ ಲಗತ್ತಿಸಿದ್ದಾರೆ. ಬರುವ ಸಂತೆಯ ದಿನ ಚಹಾದಂಗಡಿಯಲ್ಲಿ ಅರ್ಜಿ ಇಟ್ಟುಕೊಂಡು ಕೂತಿರುತ್ತೇನೆ.