ದಿನಾಂಕವಿಲ್ಲದ ಚಿತ್ರ, ದಾರಿ ತೋರುವ ಚಿತ್ರ

ಮಳೆಗಾಲ ಕಾಲಿಟ್ಟಿತೆಂದರೆ ಬೆಳಗಾವಿಯ ಶಿವಬಸವ ನಗರದಂತಹ ವಿದ್ಯಾರ್ಥಿಗಳ ಬಡಾವಣೆಗಳಿಂದ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ ದಿಕ್ಕಿಗೆ ರವಿವಾರದ ಬೈಕುಗಳು ಹೊರಡುತ್ತವೆ. ಸಂಜೆಯೊಳಗೆ ಖಾನಾಪುರದ ಕಾಡು ನೂರಾರು ಮೊಬೈಲುಗಳಲ್ಲಿ ಹರಿದಾಡತೊಡಗುತ್ತದೆ. ತುಂಬಿ ಹರಿಯುವ ಹಳ್ಳ, ಎಲೆಯ ಮೇಲಿನ ಕಪ್ಪೆ, ಪಾಚಿಗಟ್ಟಿದ ಗುಡಿ, ಮಾಡು ಕುಸಿದ ಮಣ್ಣಿನ ಮನೆ ಹೀಗೆ ಒಂದಕ್ಕಿಂತ ಒಂದು ಸುಂದರ ಚಿತ್ರಗಳು. ಈ ಹವ್ಯಾಸವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಎಂ. ವೈ. ಘೋರ್ಪಡೆ, ಟಿ. ಎನ್. ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿಯವರಂತಹವರು ಕ್ಯಾಮೆರಾ ಹಿಡಿದು ಕಾಡಿಗೆ ಹೋದದ್ದರಿಂದಲೇ ಕನ್ನಡನಾಡಿನ ಎಷ್ಟೋ ಜನರಿಗೆ ಹಕ್ಕಿ ಮತ್ತು ಮೃಗಗಳ ಮೇಲೆ ಪ್ರೀತಿ ಹುಟ್ಟಿತು. ಆದರೆ ಇಂದು ಹಂಚಿಕೆಯಾಗುತ್ತಿರುವ ಚಿತ್ರಗಳಲ್ಲಿ ಹೇಳಬೇಕಾದದ್ದು ಕಾಣೆಯಾಗಿದೆ, ಹೇಳಬಾರದ್ದು ಢಾಳಾಗಿ ಕಾಣುತ್ತಿದೆ. ಚಿತ್ರ ತೆಗೆದ ದಿನವನ್ನು ಯಾರೂ ಬರೆಯುವುದಿಲ್ಲ. ಅಲ್ಲಿಗೆ ಹೋಗುವ ದಾರಿಯನ್ನು ಎಲ್ಲರೂ ತೋರಿಸುತ್ತಾರೆ.

ಮೊದಲು ದಿನಾಂಕದ ಮಾತು. ಸಸ್ಯವಿಜ್ಞಾನದಲ್ಲಿ ಒಂದು ಹಳೆಯ ಶಿಸ್ತಿದೆ. ಕಾಡಿನಿಂದ ತಂದು ಒಣಗಿಸಿಟ್ಟ ಗಿಡಕ್ಕೆ ಸ್ಥಳ, ದಿನಾಂಕ ಮತ್ತು ಸಂಗ್ರಹಿಸಿದವರ ಹೆಸರಿನ ಚೀಟಿ ಇರಲೇಬೇಕು. ಚೀಟಿಯಿಲ್ಲದ ಮಾದರಿ ಎಷ್ಟೇ ಅಪರೂಪದ್ದಾದರೂ ಅಧ್ಯಯನದ ದೃಷ್ಟಿಯಲ್ಲಿ ಅದು ಒಣಹುಲ್ಲು. ಛಾಯಾಚಿತ್ರಕ್ಕೂ ಇದೇ ಮಾತು ಸಲ್ಲುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಲಿನ ಒಂದು ಹಳ್ಳವನ್ನು ಪ್ರತಿ ವರ್ಷ ಏಪ್ರಿಲ್ ಮೊದಲ ವಾರದಲ್ಲಿ ಅದೇ ಬಂಡೆಯ ಮೇಲೆ ನಿಂತು ಚಿತ್ರಿಸಿದರೆ, ಹತ್ತು ವರ್ಷಗಳಲ್ಲಿ ಆ ಹಳ್ಳದ ಚರಿತ್ರೆಯೇ ಸಿದ್ಧವಾಗುತ್ತದೆ. ಕಳಸಾ, ಬಂಡೂರಿ ಹಳ್ಳಗಳ ನೀರಿಗಾಗಿ ಮೂರು ರಾಜ್ಯಗಳು ನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ವಾದಿಸಿದವು. 2018ರಲ್ಲಿ ತೀರ್ಪು ಬಂದರೂ ವಿವಾದ ತಣಿದಿಲ್ಲ. ಇಂತಹ ಪ್ರದೇಶದಲ್ಲಿ ದಿನಾಂಕವಿರುವ ಒಂದು ಸಾಧಾರಣ ಚಿತ್ರಕ್ಕೆ ಇರುವ ಬೆಲೆ, ದಿನಾಂಕವಿಲ್ಲದ ನೂರು ಅದ್ಭುತ ಚಿತ್ರಗಳಿಗೆ ಇಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಗೆ ಬಂದು, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ಅವಶೇಷಗಳನ್ನು ಚಿತ್ರಿಸಿದ. ಛಾಯಾಗ್ರಹಣ ಅವನಿಗೆ ವೃತ್ತಿಯಲ್ಲ, ಹವ್ಯಾಸ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಸುಮಾರು ನೂರಿಪ್ಪತ್ತೈದು ವರ್ಷಗಳಲ್ಲಿ ಉಳಿದದ್ದೆಷ್ಟು, ಅಳಿದದ್ದೆಷ್ಟು ಎಂಬುದು ತಾನೇ ತಾನಾಗಿ ತಿಳಿಯಿತು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತು. ಈಗ ಅದಿಲ್ಲ, ಗ್ರೀನ್‌ಲಾನ ಚಿತ್ರದಲ್ಲಿ ಇದೆ. ಕಾಲ ಮತ್ತು ಸ್ಥಳ ಗೊತ್ತಿದ್ದುದರಿಂದಲೇ ಆ ಹವ್ಯಾಸಿಯ ಚಿತ್ರ ಇಂದು ಸಾಕ್ಷಿಯಾಗಿ ನಿಂತಿದೆ.

ಖಾನಾಪುರ ತಾಲೂಕಿನಲ್ಲಿಯೂ ಪಾಳುಬಿದ್ದ ಸ್ಥಳಗಳಿಗೆ ಕೊರತೆಯಿಲ್ಲ. ಹಲಸಿ ಒಂದು ಕಾಲಕ್ಕೆ ಕದಂಬರ ಎರಡನೆಯ ರಾಜಧಾನಿ. ದೇಗಾಂವದ ಕಮಲನಾರಾಯಣ ದೇವಾಲಯ ಗೋವೆಯ ಕದಂಬರ ಕಾಲದ್ದು, 12ನೆಯ ಶತಮಾನದ್ದು. ಇವುಗಳ ಚಿತ್ರಗಳು ‘ಕಾಡಿನೊಳಗಿನ ಅಜ್ಞಾತ ದೇಗುಲ’ ಎಂಬ ಒಕ್ಕಣೆ ಹೊತ್ತು ಹರಿದಾಡುವುದುಂಟು. ಯಾರಿಗೆ ಅಜ್ಞಾತ? ಆ ಊರಿನವರಿಗಂತೂ ಅಲ್ಲ. ಕುಸಿದ ಮನೆಯ ಚಿತ್ರದಲ್ಲಿ ಬೆಳಕು ನೆರಳು ಚೆನ್ನಾಗಿರುತ್ತದೆ. ಆದರೆ ಅದು ಯಾವ ಊರಿನ ಮನೆ, ಅಲ್ಲಿದ್ದವರು ಏಕೆ ಬಿಟ್ಟುಹೋದರು ಎಂಬುದಿರುವುದಿಲ್ಲ. ಮಾಡು ಕುಸಿಯಲು ಮಳೆಯೊಂದೇ ಕಾರಣವಾಗಿರುವುದಿಲ್ಲ; ರಸ್ತೆಯಿಲ್ಲದ್ದು, ಶಾಲೆ ದೂರವಿದ್ದದ್ದು, ಬೆಳೆಗೆ ಕಾಡುಪ್ರಾಣಿಗಳ ಕಾಟ ಇವೆಲ್ಲವೂ ಇರಬಹುದು. ಭೀಮಗಡದೊಳಗಿನ ತಳೇವಾಡಿಯ ಕುಟುಂಬಗಳನ್ನು ಅವರ ಸಮ್ಮತಿ ಪಡೆದು ಕಾಡಿನ ಹೊರಗೆ ನೆಲೆಗೊಳಿಸುವ ಕಾರ್ಯವನ್ನು ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡಿದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಬರಿದಾಗುವ ಅಂಗಳಗಳನ್ನು ಮುಂದೊಂದು ದಿನ ಯಾರೋ ‘ಸುಂದರ ಪಾಳು’ ಎಂದು ಚಿತ್ರಿಸುವ ಮೊದಲು, ಆ ಅಂಗಳಗಳಲ್ಲಿ ಬದುಕಿದವರ ಒಪ್ಪಿಗೆ ಪಡೆದು, ಅವರು ಹೇಳಿದ ಮಾತುಗಳೊಡನೆ ದಾಖಲಿಸುವವರು ಬೇಕಾಗಿದ್ದಾರೆ.

ಇನ್ನು ದಾರಿಯ ಮಾತು. ಇಲ್ಲಿ ನಿಯಮ ತಿರುವುಮುರುವಾಗುತ್ತದೆ. ಪಾಳುಗುಡಿಗೆ ಊರಿನ ಹೆಸರು ಬೇಕು. ಗೂಡಿಗೆ, ಬಿಲಕ್ಕೆ, ಗುಹೆಗೆ, ಅಪರೂಪದ ಸೀತಾಳೆ ಗಿಡಕ್ಕೆ ಅದು ಬೇಡ. ಭೀಮಗಡದ ಒಂದು ಗುಹೆಯಲ್ಲಿ ರಾಟನ್‌ನ ಬಾವಲಿ ವಾಸಿಸುತ್ತದೆ. 1913ರಲ್ಲಿ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಲಾಯಿತು. ದಶಕಗಳ ಕಾಲ ಇಡೀ ಜಗತ್ತಿನಲ್ಲಿ ಈ ಬಾವಲಿಯ ನೆಲೆಯೆಂದು ತಿಳಿದಿದ್ದುದು ಇದೊಂದೇ. ಬಹುಕಾಲದ ಅನಂತರ ಮೇಘಾಲಯ ಮತ್ತು ಕಾಂಬೋಡಿಯಾಗಳಿಂದಲೂ ವರದಿಯಾಯಿತು. ಹಗಲು ವಿಶ್ರಮಿಸುವ ಬಾವಲಿಗಳ ಮೇಲೆ ಫ್ಲಾಷ್ ಬೆಳಕು ಬಿದ್ದರೆ, ಗದ್ದಲವಾದರೆ ಅವು ಬೆದರಿ ಹಾರುತ್ತವೆ, ಕೂಡಿಟ್ಟ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಇದು ಮತ್ತೆ ಮತ್ತೆ ನಡೆದರೆ ನೆಲೆಯನ್ನೇ ತೊರೆಯುತ್ತವೆ. ಬಹುಪಾಲು ಬಾವಲಿಗಳು ಹೆರುವುದು ಒಂದು ಸಲಕ್ಕೆ ಒಂದೇ ಮರಿ. ನಷ್ಟ ತುಂಬಿಕೊಳ್ಳಲು ಬಹಳ ವರ್ಷ ಬೇಕು. ಗುಹೆಯ ಹೆಸರು ಪುಸ್ತಕಗಳಲ್ಲಿದೆ, ನಿಜ. ಆದರೆ ಪುಸ್ತಕ ಓದಿ ಬರುವವನು ಒಬ್ಬ, ನಕ್ಷೆ ಸಮೇತ ಬಂದ ಚಿತ್ರ ನೋಡಿ ಬರುವವರು ನೂರು.

ಕಾಯಿದೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಹೊರಗಿನವರು ಛಾಯಾಗ್ರಹಣಕ್ಕೆಂದು ಪ್ರವೇಶಿಸಲು ಅನುಮತಿ ಬೇಕು. ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕದಡುವುದನ್ನೂ ಆ ಕಾಯಿದೆ ‘ಬೇಟೆ’ಯ ವ್ಯಾಖ್ಯೆಯೊಳಗೆ ಸೇರಿಸಿದೆ. ಒಳ್ಳೆಯ ಚಿತ್ರಕ್ಕಾಗಿ ಗೂಡಿನ ಮರೆಯ ಟೊಂಗೆ ಕತ್ತರಿಸುವವರು ಇದನ್ನು ನೆನಪಿಡಬೇಕು.

ನಮ್ಮ ಚಳವಳಿಯ ಗೆಳೆಯರೇ ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಎಲ್ಲವನ್ನೂ ಮುಚ್ಚಿಟ್ಟರೆ, ನಾಳೆ ಗಣಿಗೋ ಅಣೆಕಟ್ಟಿಗೋ ಕಾಡು ಕೇಳಲು ಬಂದವರು ‘ಇಲ್ಲಿ ಏನೂ ಇಲ್ಲ’ ಎನ್ನುವುದಿಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. 2011ರಲ್ಲಿ ಭೀಮಗಡ ಅಭಯಾರಣ್ಯವಾಯಿತು. ಅದಕ್ಕಾಗಿ ನಡೆದ ಒತ್ತಾಯದಲ್ಲಿ ಈ ಬಾವಲಿಯ ಇರುವಿಕೆ ಒಂದು ಬಲವಾದ ವಾದವಾಗಿತ್ತು. ಆದ್ದರಿಂದ ಉತ್ತರ ಮುಚ್ಚಿಡುವುದಲ್ಲ, ತಕ್ಕ ಕೈಗೆ ಒಪ್ಪಿಸುವುದು. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಜನರೊಡನೆ ಕೂಡಿ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಸಾರ್ವಜನಿಕವಾಗಿ ಹಂಚುವ ಚಿತ್ರದಲ್ಲಿ ತಾಲೂಕಿನ ಹೆಸರಷ್ಟೇ ಸಾಕು. ಸ್ಥಳ, ದಿನ, ಹೊತ್ತಿನ ಪೂರ್ಣ ವಿವರವಿರುವ ಪ್ರತಿ ಆ ಸಮಿತಿಗೆ ಹೋಗಲಿ. ಊರಿನ ದಾಖಲೆ ಊರಿನವರ ಕೈಯಲ್ಲಿರಲಿ. ಕೇಳಬೇಕಾದವರು ಅವರನ್ನು ಕೇಳಿ ನೋಡಲಿ.

ಇದಕ್ಕೆ ದುಬಾರಿ ಕ್ಯಾಮೆರಾ ಬೇಕಾಗಿಲ್ಲ. ಮೊಬೈಲಿನ ಕ್ಯಾಮೆರಾ ಚಿತ್ರದ ಜೊತೆಗೆ ಅಕ್ಷಾಂಶ, ರೇಖಾಂಶಗಳನ್ನೂ ಉಳಿಸಿಕೊಳ್ಳಬಲ್ಲುದು. ಗೂಡು, ಗುಹೆಗಳ ಚಿತ್ರ ಹಂಚುವ ಮುನ್ನ ಆ ವಿವರವನ್ನು ತೆಗೆದುಹಾಕಬೇಕು. ಕೈಯಿಂದ ಕೈಗೆ ದಾಟುವಾಗ ಚಿತ್ರದ ಮೂಲ ದಿನಾಂಕ ಕಳೆದುಹೋಗುವುದುಂಟು. ಆದ್ದರಿಂದ ಅದನ್ನು ಒಕ್ಕಣೆಯಲ್ಲಿಯೇ ಬರೆಯಬೇಕು. ಸ್ಥಳದ ಹೆಸರನ್ನು ಊರಿನ ಹಿರಿಯರಲ್ಲಿ ಕೇಳಿ, ಅದು ಕನ್ನಡದಲ್ಲಿರಲಿ, ಮರಾಠಿಯಲ್ಲಿರಲಿ, ಕೊಂಕಣಿಯಲ್ಲಿರಲಿ, ಅವರು ಹೇಳಿದಂತೆಯೇ ದಾಖಲಿಸಬೇಕು.

ಹಳ್ಳಿಯ ಬಂಧುಗಳಲ್ಲಿಯೂ ಒಂದು ವಿನಂತಿ. ಕ್ಯಾಮೆರಾ ಹಿಡಿದು ಬಂದ ಹುಡುಗ ಹುಡುಗಿಯರಿಗೆ ಗುಹೆಯ ದಾರಿ ತೋರಿಸುವ ಮೊದಲು ಹಳ್ಳದ ದಾರಿ ತೋರಿಸಿರಿ. ಹಿಂದೆ ಯಾವ ತಿಂಗಳವರೆಗೆ ಅದರಲ್ಲಿ ನೀರಿರುತ್ತಿತ್ತು, ಈಗ ಯಾವಾಗ ಬತ್ತುತ್ತದೆ ಎಂದು ಹೇಳಿರಿ. ಬರುವ ವರ್ಷವೂ ಅದೇ ದಿನ ಬಂದು, ಅಲ್ಲಿಯೇ ನಿಂತು ಚಿತ್ರ ತೆಗೆಯಲು ಹೇಳಿರಿ.